ಪಂಚ ನಂಬರ್ ಎರಡು

ನನ್ನ ಚಹಾದಂಗಡಿ ಠಾಣೆದ ಎದುರಿಗೇ ಅದ.
ಅದೊಂದೇ ತಪ್ಪು ನಂದು.
ಹೊತ್ತಿಲ್ಲ ಗೊತ್ತಿಲ್ಲ, ಕೂಗತಾರ:
ಮಾಪಣ್ಣ, ಸ್ಟೋ ಆರಿಸಿ ಬಾ, ಒಂದು ಸಹಿ ಅದ.
ಪಂಚ ನಂಬರ್ ಒಂದು, ಪಂಕ್ಚರ್ ಅಂಗಡಿ ರುಕ್ಮಣ್ಣ,
ಹೋಗದೇ ಸಹಿ ಮಾಡ್ತಾನ.
ನಾ ಹೋಗಿ, ನೋಡಿ ಮಾಡ್ತೀನಿ.

ಮೂರು ಸಲ ಹೋಗೀನಿ ಹನ್ನೊಂದನೇ ಖಣಿಗೆ.
ಕಲ್ಲು ಮುಗಿದ ಮ್ಯಾಲ ನೀರು ತುಂಬಿದ ಖಣಿ,
ಸುತ್ತ ಜಾಲಿ, ಒಡೆದ ಫರಸಿ,
ಯಾರೋ ಹಾಸಿಟ್ಟಂಗ ಒಂದೊಂದು ಚಪ್ಪಡಿ.
ಊರಾಗ ಇಬ್ಬರು ಕೂತು ಮಾತಾಡೋ ಜಾಗ ಅಂದ್ರ
ಅದೊಂದೇ ಇತ್ತು.

ಮೊದಲನೇ ಸಲ, ಸಾಬಣ್ಣ ಮರೆಮ್ಮ.
ಲಗ್ನಾಗಿ ಒಂಬತ್ತು ವರ್ಷ,
ಒಂದೇ ಖೋಲಿ, ಎಂಟು ಮಂದಿ.
ಜಗಳಾಡಲಿಕ್ಕೆ ಬಂದಿದ್ದರಂತ ಇಲ್ಲಿ,
ಮನ್ಯಾಗ ಪಿಸುಗುಟ್ಟಿ ಜಗಳಾಡಿ ಸಾಕಾಗಿತ್ತಂತ.
ಕಲ್ಲು ಹಿಂದಿನಿಂದ ಬಂತು.
ಪಂಚನಾಮೆದಾಗ ಬರದದ್ದು:
ಬಲಗಾಲಿನ ಚಪ್ಪಲಿ ಒಂದು,
ಶೇಂಗಾದ ಪುಡಿಕೆ, ಅರ್ಧ,
ಮುಚ್ಚಳಿಲ್ಲದ ಡಬ್ಬಿ.
ಶೇಂಗಾಕ್ಕ ಇರುವಿ ಹತ್ತಿದ್ದವು. ಅದನ್ನ ಬರೀಲಿಲ್ಲ.

ಎರಡನೇದು ಎಳ್ಳಮಾಸಿ ಮರುದಿನ,
ಖೈರುನ್, ಮೈನೋದ್ದೀನ. ಮಂಗ್ನಿ ಆಗಿತ್ತು.
ಆಕಿ ಕೈಯಾಗಿನ ಬ್ಯಾಟರಿ ನೀರಾಗ ಬಿದ್ದು
ಭಾಳ ಹೊತ್ತು ತಳದಾಗ ಉರೀತಿತ್ತಂತ.
ನಾ ನೋಡೋ ಹೊತ್ತಿಗೆ ಆರಿತ್ತು.
ಅವ ಬದುಕ್ಯಾನ, ಉಣ್ತಾನ, ನಮಾಜಿಗೆ ಹೋಗ್ತಾನ.
ಖೈರುನ್ ಅಂದ್ರ
ಯಾರು, ಅಂತ ಕೇಳ್ತಾನ,
ಆಕಿ ಎದುರಿಗೇ.

ಮೂರನೇದವರ ಹೆಸರು ಬರೀಬ್ಯಾಡ ಅಂದ್ರು.
ಎರಡೂ ಮನಿಯವರು ಬಂದು ಕೈಮುಗದ್ರು:
ನಮ್ಮ ಹುಡುಗಿ ಬಚ್ಚಲದಾಗ ಜಾರ್ಯಾಳ್ರಿ ಸಾಹೇಬ್ರ.
ನಮ್ಮ ಹುಡುಗ ಗಾಡಿ ಮ್ಯಾಲಿಂದ ಬಿದ್ದಾನ್ರಿ.
ಒಂದೇ ರಾತ್ರಿ, ಒಂದೇ ಕಡಿ ಗಾಯ,
ಬಚ್ಚಲಕ್ಕ ಏಳು ಹೊಲಿಗಿ, ಗಾಡಿಗೆ ಏಳು.
ಅದಕ್ಕೂ ಸಹಿ ಮಾಡೀನಿ.

ಕಲಬುರಗಿಯಿಂದ ನಾಯಿ ಬಂತು.
ಮೂಸಿತು, ಖಣಿ ಸುತ್ತಿತು, ಊರೊಳಗ ಬಂತು,
ಪಾಲಿಶ್ ಮಷೀನಿನ ಮುಂದ ನಿಂತು
ಒಂದು ಸಲ ಸೀನಿತು.
ನಗಬೇಕೋ ಬ್ಯಾಡೋ ಯಾರಿಗೂ ತಿಳೀಲಿಲ್ಲ.
ಇಲ್ಲಿ ಎಲ್ಲಾರ ಕೈಗೂ ಒಂದೇ ವಾಸನಿ,
ಎಲ್ಲಾರ ಉಗುರಾಗೂ ಅದೇ ಬೂದಿಬಣ್ಣದ ಪುಡಿ.
ಹೊಡೆದ ಕಲ್ಲು ಎಂಥಾದು ಅಂದ್ರ
ಇಡೀ ಊರಿನ ಗ್ವಾಡಿ ತೋರಸಬೇಕು.

ಯಾಂವ ಹೊಡದ ಅಂತ ಒಂದು ವಾರ ಕೇಳಿದ್ರು.
ಯಾಕ ಹೋಗಿದ್ರು ಅಂತ ಇನ್ನೂ ಕೇಳ್ತಾರ.
ಚಹಾ ಆರಿಸಿಕೋತ ಒಬ್ಬಾಂವ ಅಂದ:
ಒಳ್ಳೇದೇ ಆತು ಬಿಡು, ಹುಡುಗುರು ಅಂಜಿ ಮನಿ ಹಿಡದಾರ.
ಗ್ಲಾಸು ತೊಳಕೋತ ಅವನ ಕೈ ನೋಡಿದೆ.
ಆಮ್ಯಾಲ ರೊಕ್ಕ ಎಣಿಸೋ ಕೈ, ತಂಬಾಕ ತಿಕ್ಕೋ ಕೈ,
ಸಕ್ಕರಿ ಕಮ್ಮಿ ಅಂತ ಎತ್ತಿದ ಕೈ,
ಎಲ್ಲಾ ನೋಡಿದೆ.
ಅವತ್ತು ರಾತ್ರಿ ನನ್ನ ಹೆಂಡತಿ
ನನ್ನ ಅಂಗಿ ಝಾಡಿಸಿ,
ತೋಳು ಒಂದೀಟು ಮೂಸಿ,
ಏನೂ ಅನ್ನದೇ ಗೂಟಕ್ಕ ಹಾಕಿದಳು.
ಇಪ್ಪತ್ತಾರು ವರ್ಷದ ಸಂಸಾರ.

ಈಗ ನಾಲ್ಕನೇ ವರ್ಷ. ಮೂವರು ಫೌಜದಾರರು ಬದಲಾದ್ರು.
ಪತ್ತೆಯಾಗಿಲ್ಲ ಅಂತ ಬರದು ಫೈಲು ಕಟ್ಯಾರ,
ಫ್ಯಾನಿನ ಗಾಳಿಗೆ ಹಾರಬಾರದಂತ
ಮ್ಯಾಲೊಂದು ತೂಕ ಇಟ್ಟಾರ:
ನಮ್ಮೂರದೇ ಕಲ್ಲು, ಒಂದು ಕಡಿ ಪಾಲಿಶ್.

ಮೊನ್ನೆ ಅಂಗಡಿ ಮುಚ್ಚಿ ಆಕಿಗಂದೆ:
ನಡಿ, ಖಣಿ ಕಡಿ ಜರಾ ಕೂತು ಬರೂನು.
ಸೆರಗಿಗೆ ಕೈ ಒರಸಿಕೋತ
ನನ್ನ ಮುಖಾನೇ ನೋಡಿದಳು.
ನೀ ಮುಂದ ನಡೀತೀಯೋ,
ಹಿಂದೋ?

ವಾಡಿ ಕಡಿ ಗೂಡ್ಸು ಹೊಂಟಿತ್ತು.
ಅದರ ಸಪ್ಪಳದಾಗ ಏನು ಹೇಳಿದರೂ ಕೇಳಂಗಿಲ್ಲ
ಅಂತ ನಿಂತೆ.
ಡಬ್ಬಿ ಎಣಿಸಿದೆ.
ಐವತ್ತೆಂಟು.