ಮೂರನೇದು ಒತ್ತು

ಉದ್ಯಮಬಾಗದ ನಮ್ಮ ಫೌಂಡ್ರಿಯೊಳಗ
ಟೈಮ್ ಆಫೀಸಿನ ಹಿಂದ ಒಂದು ಕೋಣಿ,
ನಾಕು ಕಂಪ್ಯೂಟರು, ಒಂದರ ಮೌಸು ಸತ್ತದ್ದು.
ಹೊಸಬರು ಬಂದರ ಅಲ್ಲೇ ಕೂಡಸೂದು.
ಸುರಕ್ಷತಾ ಪಾಠ ನಲವತ್ತು ನಿಮಿಷ,
ಕಡೀಕ ಹತ್ತು ಪ್ರಶ್ನೆ.

ಪಾಠ ಇಂಗ್ಲಿಷಿನ್ಯಾಗ. ಬೇಕಂದರ ಹಿಂದಿ,
ಅದೂ ರೇಡಿಯೋ ವಾರ್ತೆಯಂಥಾ ಹಿಂದಿ.
ಕುಂತವರು ದುಮಕಾ ಕಡೆಯವರು, ಸಂತಾಲಿ ಮಂದಿ.
ಹಕ್ಕಿಮರಿ ಹಿಡದಂಗ ಮೌಸು ಹಿಡೀತಿದ್ದರು,
ಒತ್ತಿದರ ಎಲ್ಲಿ ಸಾಯತೈತೋ ಅಂತ.

ನನಗೂ ಕೆಲಸ ಮುಗೀಬೇಕಿತ್ತು,
ಖಾನಾಪುರದ ಬಸ್ಸು ಐದೂವರಿಗೆ.
ಅದಕ್ಕ ಎಲ್ಲಾರಿಗೂ ಒಂದ ಗುಟ್ಟು ಹೇಳಿಕೊಟ್ಟಿದ್ದೆ:
ಸರಿ ಉತ್ತರ ಯಾವಾಗಲೂ ಮೂರನೇದು.
ತೀಸ್ರಾ, ಭೈಯಾ, ತೀಸ್ರಾ ದಬಾವ್.
ಎಲ್ಲಾರಿಗೂ ನೂರಕ್ಕ ನೂರು.
ಹಂಚಿನ ಮ್ಯಾಲಿಂದ ತಗದ ರೊಟ್ಟಿ ಹಂಗ
ಬಿಸಿಬಿಸಿ ಸರ್ಟಿಫಿಕೇಟು, ಕೆಳಗ ನನ್ನ ಸಹಿ:
ಜಯಶೀಲಾ ಪಾರಿಶ್ವಾಡ, ತರಬೇತುದಾರಳು.

ಲಖೀರಾಮ ಹೆಂಬ್ರಮ್ ಒಬ್ಬ ಒತ್ತಲಿಲ್ಲ.
ಏಳನೇ ಪ್ರಶ್ನೆಗೆ ನಿಂತ.
ಬಿಳಿ ಟೊಪಗಿಯ ಗೊಂಬಿ ಭಟ್ಟಿಗೆ ಏನೋ ಒಗೀತೈತಿ,
ಗಡಗಡ ತೆರಿ ನಡಗತೈತಿ,
ಉಳದವರು ಅದನ್ನ ನೋಡಿ ನಕ್ಕಿದ್ದರು.
ಅಂವ ಬಟ್ಟು ಹಚ್ಚಿ ಕೇಳಿದ: ಯೇ ಕ್ಯಾ?
ನಮೀ, ಅಂದೆ. ತಿಳೀಲಿಲ್ಲ.
ನನ್ನ ಬಾಟ್ಲಿ ತಗದು
ಟೇಬಲ್ಲಿನ ಮ್ಯಾಲಿನ ಎರಕದ ತುಂಡಿಗೆ ನೀರು ಹನಿಸಿ
ಎರಡೂ ಕೈ ಎತ್ತಿ ಢಮ್ ಅಂತ ತೋರಿಸಿದೆ.

ಅಂವ ನಗಲಿಲ್ಲ.
ದಾಕ್, ಅಂದ. ನೀರು.
ಆಮ್ಯಾಲ ಕಿಡಕಿಯಾಚೆ ತೋರಿಸಿದ:
ಅಂಗಳದಾಗ ಗುಜರಿ ಕಬ್ಬಿಣದ ಗುಡ್ಡ,
ಮುಂಜಾನಿಂದ ಅದರ ಮ್ಯಾಲ ಜಿಟಿಜಿಟಿ.
ದಾಕ್, ಅಂದ ಮತ್ತ.
ಮಳಿಗೂ ಅವರಲ್ಲಿ ಅದ ಮಾತಂತ.

ಬಸ್ಸು ಹೋತು.
ಆ ರಾತ್ರಿ ಪಾಳಿಯೊಳಗ ಭಟ್ಟಿ ಮುಂದ ಎಂಟು ಮಂದಿ,
ಎಂಟೂ ಮಂದಿ ನೂರಕ್ಕ ನೂರು.
ಏನೂ ಆಗಲಿಲ್ಲ.
ಹಿಂದಿನ ದಿನ ಒಳಗ ತಂದಿಟ್ಟ ಒಣ ಕಬ್ಬಿಣ ಇತ್ತಂತ.
ಅದೂ ಓದದ ಒತ್ತಿದ್ದ.
ನಶೀಬಿಗೆ ಮೂರನೇದ ಸರಿ ಬಂತು.

ಒಂದು ವಾರ, ಊಟದ ಸೂಟಿಯೊಳಗ,
ಲಖೀರಾಮನ ದನಿ ನನ್ನ ಫೋನಿನ್ಯಾಗ ತುಂಬಿಸಿದೆ.
ಹಿಂದ ಗ್ರೈಂಡರಿನ ಸಪ್ಪಳ, ನಡುವ ಅವನ ಕೆಮ್ಮು.
ಪಾಠದಾಗ ಇಲ್ಲದ್ದೂ ಒಂದು ಸೇರಿಸಿದ.
ಏನದು, ಅಂದೆ.
ಸಾಹೇಬ ಒದರಿದರೂ ಹಸೀದು ಒಗೀಬ್ಯಾಡ, ಅಂತ.
ಇರಲಿ ಬಿಡು, ಅಂದೆ.

ಉತ್ತರಗಳ ಸಾಲು ಹಿಂದ-ಮುಂದ ಕಲಸಿಟ್ಟೆ.
ಹದಿನಾಕರೊಳಗ ಒಂಬತ್ತು ಮಂದಿ ನಪಾಸು!
ಹಂಜಿ ಸಾಹೇಬರು ಹಾಳಿ ಹಿಡಕೊಂಡು ಬಂದರು:
ಏನವಾ, ಮಂದಿ ದಡ್ಡರಾದರೋ, ನೀ ದಡ್ಡಿ ಆದ್ಯೋ?
ಒಳಗ ನಪಾಸಾದವರು
ಎರಡನೇ ಸಲ ಕೇಳಕೋತ ಕುಂತಿದ್ದರು,
ತುಟಿ ಅಲ್ಲಾಡತಿದ್ದವು.

ನಿನ್ನೆ ಮೂರರ ಸುಮಾರಿಗೆ ಮಾಡ ಕವೀತು.
ಹೊರಗ ಯಾರೋ ಒದರಿದರು: ದಾಕ್! ದಾಕ್!
ಪ್ರಿಂಟರಿನ್ಯಾಗ ಯಾರದೋ ಸರ್ಟಿಫಿಕೇಟು
ಅರ್ಧ ಹೊರಗ ಬಂದಿತ್ತು.
ಹಂಗ ಬಿಟ್ಟು ನಾನೂ ಓಡಿದೆ
ತಾಡಪತ್ರಿಯ ಒಂದು ತುದಿ ಹಿಡಿಯಾಕ.