ಎಡಕ್ಕೆ ತಿರುಗುವ ಗಂಟು

ಹಾಜರಿ ಪುಸ್ತಕದಲ್ಲಿ ನಾನು ಶರ್ಮಿಳಾ.
ಸೇರಿಸಿದ ದಿನ ಹೆಡ್ಮಾಸ್ತರು
ಪೆನ್ನಿನ ಮುಚ್ಚಳ ಕಚ್ಚಿಕೊಂಡು ಕೇಳಿದರಂತೆ:
ಬೂದು? ಅದೂ ಒಂದು ಹೆಸರಾ?
ಅಪ್ಪ ತಲೆ ತುರಿಸಿಕೊಂಡ.
ನಿಘಂಟಿನಲ್ಲಿ ಬೂದು ಅಂದರೆ ಬೂದಿಯ ಬಣ್ಣ.
ನಮ್ಮಲ್ಲಿ ಬುಧವಾರ, ಅಷ್ಟೆ.
ಬುಧವಾರ ಹುಟ್ಟಿದವಳು.

ಸುಳ್ಳು ಹೇಳಬಾರದು,
ಘಟ್ಟದ ಬುಡದ ಆ ಆಶ್ರಮ ಶಾಲೆಯಲ್ಲಿ
ಮೂರು ಹೊತ್ತು ಊಟ ಇತ್ತು,
ಬುಧವಾರ ಬುಧವಾರ ಮೊಟ್ಟೆ.
ಹೇನಾಗಬಾರದೆಂದು ಕೂದಲು ಕಿವಿಯ ಮೇಲಕ್ಕೆ.
ಮನೆಯ ಮಾತು ಬಾಯಿಗೆ ಬಂದರೆ
ಎಲ್ಲರ ಊಟ ಮುಗಿಯುವ ತನಕ ಕಿಟಕಿಯ ಪಕ್ಕ ನಿಲ್ಲಬೇಕು.
ನಿಂತು ನಿಂತು
ಒಂದೊಂದೇ ಶಬ್ದ ಸರಳಿನಾಚೆ ಬಿಸಾಡಿದೆ.
ನೀರಿಗೆ ನಾವು ಏನನ್ನುತ್ತೇವೆ ಎಂಬುದು
ಮರೆತದ್ದು ಏಳನೇ ಕ್ಲಾಸಿನಲ್ಲಿ.
ಭಾಷಣ ಸ್ಪರ್ಧೆಯಲ್ಲಿ ಸ್ಟೀಲಿನ ಲೋಟ ಗೆದ್ದದ್ದೂ ಅದೇ ವರ್ಷ.
ವಿಷಯ: ಮಾತೃಭಾಷೆಯ ಮಹತ್ವ.

ಕ್ಲಾಸಿನ ಮೂಲೆಯಲ್ಲೊಂದು ಬುಟ್ಟಿ ಇತ್ತು, ಕಸಕ್ಕೆ.
ಬೂರಿನದ್ದು. ಅಂಚಿನ ಕೊನೆಯ ಗಂಟು ಎಡಕ್ಕೆ ತಿರುಗಿತ್ತು.
ಅದು ಯಾರ ಕೈ ಎಂದು ನನಗೆ ಗೊತ್ತಿತ್ತು.
ಅಜ್ಜಿ ಎಡಗೈಯವಳು.
ಗೊತ್ತಿದ್ದೂ
ಐದು ವರ್ಷ ಅದರೊಳಗೆ ಪೆನ್ಸಿಲಿನ ಸಿಪ್ಪೆ ಉದುರಿಸಿದೆ.
ಗೆಳತಿ ಒಮ್ಮೆ ಉಗಿದಳು.
ನಾನು ನಕ್ಕೆ.

ಎಸ್ಸೆಸ್ಸೆಲ್ಸಿ ಮುಗಿಸಿ ಪೆರ್ಡೂರಿನಾಚೆಯ ಗುಡ್ಡೆಗೆ ಬಂದಾಗ
ಅಜ್ಜಿ ಏನೋ ಕೇಳಿದಳು.
ಅವಳು ಕೇಳಿದ್ದು ನನಗೆ ಅರ್ಥವಾಗಲಿಲ್ಲ.
ನಾನು ಕನ್ನಡದಲ್ಲಿ ಹೇಳಿದ್ದು ಅವಳಿಗೆ ಅರ್ಥವಾಯಿತು,
ಅದೇ ಕಷ್ಟ.
ನಡುವೆ ತುಳು ಬಂದು ಕೂತಿತು,
ಸಂತೆಗೆ ಹೋದ ಬಾಯಿಗಳ ತುಳು.

ಗುಡ್ಡೆಯ ಬೂರು ಎಳೆಯುವುದು ಕಲಿತೆ,
ಎಳತು, ಬಲಿತದ್ದು, ಮುರಿಯುವುದು, ಬಾಗುವುದು.
ಅಂಗೈ ಸೀಳಿತು.
ಬೀಜಗಣಿತಕ್ಕೆ ಹೀಗೆ ರಕ್ತ ಬಂದಿರಲಿಲ್ಲ.
ಮೊದಲ ಸಿಬ್ಲ ನೋಡಿ ಅಜ್ಜಿ
ಅದರ ಮೇಲೆ ಕೋಳಿಯನ್ನು ಕೂರಿಸಿದಳು.

ಜೂನಿನಲ್ಲಿ ಟೀಸಿ ತರಲು ಹೋದೆ.
ಬುಟ್ಟಿ ಅಲ್ಲೇ ಇತ್ತು, ಒಂದು ಕಡೆ ಕುಸಿದು.
ಪ್ಯೂನಿಗೆ ನಲವತ್ತು ರೂಪಾಯಿಯ ಪ್ಲಾಸ್ಟಿಕ್ ಬಕೆಟ್ ಕೊಟ್ಟು
ಹರಿದ ಹಾಳೆ, ಸೀಮೆಸುಣ್ಣದ ಚೂರು ಸುರಿದು
ಸೊಂಟಕ್ಕಿಟ್ಟುಕೊಂಡೆ.
ಹುಚ್ಚಾ ಶರ್ಮಿಳಾ, ಅಂದರು ವಾರ್ಡನ್.
ಬೂದು, ಅಂದೆ.
ಗಟ್ಟಿಯಾಗಿ ಅನ್ನಬೇಕೆಂದಿದ್ದೆ. ಬಂದದ್ದು ಮೆಲ್ಲಗೆ.
ಅವರಿಗೆ ಬಣ್ಣದ ಬಗ್ಗೆ ಹೇಳಿದಂತೆ ಕೇಳಿಸಿರಬೇಕು.

ಹೆಬ್ರಿಯ ಬಸ್ಸಿನಲ್ಲಿ ಕಂಡಕ್ಟರ್,
ಬುಟ್ಟಿಯಲ್ಲೇನಿದೆ, ಲಗೇಜ್ ಟಿಕೆಟ್ ಬೇಕಾ?
ಏನಿಲ್ಲ, ಅಂದೆ.
ಖಾಲಿ ಬುಟ್ಟಿಯನ್ನು ಮಡಿಲಲ್ಲಿ
ಮಗುವಿನಂತೆ ಹಿಡಿದದ್ದನ್ನು ಅವನು ಒಮ್ಮೆ ನೋಡಿದ.

ಅಜ್ಜಿ ಅಳುತ್ತಾಳೆ ಎಂದುಕೊಂಡಿದ್ದೆ.
ಬೆಳಕಿಗೆ ಹಿಡಿದು, ಅಂಚು ಸವರಿ,
ಇದು ನನ್ನದಲ್ಲ, ಅಂದಳು.
ಅಕ್ಕನದು. ನೀನು ಹುಟ್ಟುವ ಮೊದಲೇ ಹೋದವಳದು.
ಅವಳೂ ಎಡಗೈಯಾ?
ಇಲ್ಲ. ಅಮ್ಮ ಎಡಗೈ. ನಾವು ನೋಡಿ ಕಲಿತೆವು.

ಓಡಿ ಹೋಗಿ ನನ್ನ ಸಿಬ್ಲ ತೆಗೆದೆ, ಕೋಳಿ ಹಾರಿತು.
ಗಂಟು ಬಲಕ್ಕೆ ತಿರುಗಿತ್ತು.
ನೆತ್ತರು ತಾನಾಗಿ ಕಲಿಸುತ್ತದೆ ಎಂದಿದ್ದೆ.

ಅಜ್ಜಿ ಒಂದು ಶಬ್ದ ಹೇಳಿದಳು.
ಬಿಚ್ಚು ಎಂದೋ, ಮತ್ತೆ ಕಟ್ಟು ಎಂದೋ,
ನಮ್ಮಲ್ಲಿ ಎರಡಕ್ಕೂ ಅದೊಂದೇ ಶಬ್ದವೋ.
ಇಲ್ಲಿ ಬರೆಯುವುದಿಲ್ಲ,
ಬಾಯಲ್ಲಿ ಇಟ್ಟುಕೊಂಡಿದ್ದೇನೆ.

ಬಿಚ್ಚುತ್ತಿದ್ದೇನೆ.