ಮೂವತ್ತೆರಡು ಫರಸಿ

ಚಿತ್ತಾಪುರದ ನಮ್ಮ ಪಡಸಾಲಿ
ಎಂಟು ಫೂಟಿನ ಚೌಕ.
ಒಂದಕ್ಕೆರಡರ ಶಹಾಬಾದಿ ಫರಸಿ
ಗ್ವಾಡಿಗಿ ಆನಿಸಿ ನಿಂತಾವ, ಮೂವತ್ತೆರಡು.

ಲೈಬ್ರರಿ ಕರದೆ, ಎರಡು ಸಾಲು ಬರದೆ.
ಎರಡರ ಚೌಕಕ್ಕ ಎರಡು, ನಾಕಕ್ಕ ಮೂವತ್ತಾರು,
ಆರಕ್ಕ ಆರು ಸಾವಿರದ ಏಳುನೂರಾ ಇಪ್ಪತ್ತೆಂಟು,
ಎಂಟಕ್ಕ
ಒಂದು ಕೋಟಿ ಇಪ್ಪತ್ತೊಂಬತ್ತು ಲಕ್ಷ, ಮತ್ತ ಮ್ಯಾಲ.

"ಗೈಬುಸಾಬ, ಇಷ್ಟು ನಮೂನಿ ಹಾಸಬಹುದು!"

ಅಂವ ಸಿಮಿಟಿನ ಕೈ ಲುಂಗಿಗಿ ಒರಸಿದ.
"ನಾಕು ಮೂಲಿ ಒಂದ್ಕಡಿ ಕೂಡಬಾರದವ್ವಾ,
ಅಲ್ಲೇ ನೀರು ಇಳೀತದ.
ಅದಕ್ಕ ಹೇಳೀಯೇನು?"

ಹೇಳಿರಲಿಲ್ಲ.
ಒಂದು ಷರತ್ತು ಸೇರಿಸಿ ಮತ್ತ ಓಡಿಸಿದೆ.
ಪರದೆ ಮ್ಯಾಲ ಬರೇ ಎರಡು.
ಅದರಾಗೂ ಒಂದನ್ನ ತಿರುವಿದರ ಇನ್ನೊಂದು.

ತಲಿ ಎತ್ತೂದ್ರಾಗ ಅಂವ
ಗ್ವಾಡಿಗುಂಟ ಮೊದಲ ಸುತ್ತು ಮುಗಿಸಿ
ಒಳಗಿನ ಸುತ್ತಿನ ಫರಸಿಗಿ
ಕಟ್ಟಿಗಿ ಸುತಗಿಲೆ ತಟ್ಟತಿದ್ದ.